ಬಾಗಿಲು ತೆರೆಯುವವರ ಹಬ್ಬ: ಹ್ಯಾಲೋವೀನ್ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ

ಹ್ಯಾಲೋವೀನ್ ಬಗ್ಗೆ ಪ್ರತಿ ಅಕ್ಟೋಬರ್‌ನಲ್ಲಿ ನಮ್ಮ ಮೊಬೈಲಿಗೆ ಬಂದು ಬೀಳುವ ಕಥೆ ಹೆಚ್ಚುಕಡಿಮೆ ಒಂದೇ. ಎರಡು ಸಾವಿರ ವರ್ಷಗಳ ಹಿಂದೆ ಐರ್ಲೆಂಡ್, ಬ್ರಿಟನ್ ಕಡೆಯ ಕೆಲ್ಟ್ ಜನ ಅಕ್ಟೋಬರ್ 31ರ ರಾತ್ರಿ ತಮ್ಮ ಹೊಸ ವರ್ಷ ಆಚರಿಸುತ್ತಿದ್ದರು. ಆ ರಾತ್ರಿ ಸತ್ತವರು ಮರಳಿ ಬರುತ್ತಾರೆಂದು ನಂಬಿ, ದೆವ್ವಗಳಿಗೆ ಗುರುತು ಸಿಗದಿರಲೆಂದು ವೇಷ ಹಾಕುತ್ತಿದ್ದರು. ಚರ್ಚು ಆ ಹಬ್ಬವನ್ನು ನುಂಗಿ ತನ್ನ ಹೆಸರಿಟ್ಟಿತು, ಅಮೆರಿಕದ ಕಂಪನಿಗಳು ಅದನ್ನು ವ್ಯಾಪಾರಕ್ಕಿಟ್ಟವು. ಕಥೆ ಅಚ್ಚುಕಟ್ಟಾಗಿದೆ, ಆದರೆ ಅದರಲ್ಲಿ ದಾಖಲೆಯ ಮುಂದೆ ನಿಲ್ಲುವ ಭಾಗ ಕಡಿಮೆ. ಈ ಹಬ್ಬವನ್ನು ಪುರಾತನವೆಂದು ಕೊಂಡಾಡುವವರೂ ಸೈತಾನನದೆಂದು ದೂರುವವರೂ ನೆಚ್ಚಿಕೊಂಡಿರುವುದು ಇದೇ ಕಥೆಯನ್ನು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ದಾಖಲೆಗಳನ್ನು ಹಿಂಬಾಲಿಸಿದರೆ ಬೇರೆಯೇ ಒಂದು ಎಳೆ ಸಿಗುತ್ತದೆ. ಶತಮಾನಗಳ ಉದ್ದಕ್ಕೂ ಬದಲಾಗದೆ ಉಳಿದುಬಂದದ್ದು ಮನೆಬಾಗಿಲು. ಕತ್ತಲಲ್ಲಿ ಹೊರಗಿನಿಂದ ಬಂದು ಕೇಳುವವರು, ಒಳಗಿನಿಂದ ತೆರೆದು ಕೊಡುವವರು. ಹ್ಯಾಲೋವೀನ್ ಎಲ್ಲೆಲ್ಲಿ ಈ ಕೊಡುಕೊಳೆಯ ಸುತ್ತ ಬೆಳೆಯಿತೋ ಅಲ್ಲಿ ಊರಿನ ಹಬ್ಬವಾಯಿತು. ಬಾಗಿಲನ್ನು ಬಿಟ್ಟು ಬರೀ ವೇಷ ಮತ್ತು ಗುಂಪಾಗಿ ಹರಡಿದ ಕಡೆ ಅದರ ಸ್ವಭಾವವೇ ಬೇರೆಯಾಯಿತು.

ಮೊದಲು ಐರ್ಲೆಂಡ್. ಕೆಲ್ಟ್ ಗುಂಪಿಗೆ ಸೇರಿದ ಅಲ್ಲಿನ ಗೇಲಿಕ್ ಜನರ ವರ್ಷಕ್ಕೆ ನಾಲ್ಕು ಹೊರಳುಗಳಿದ್ದವು. ಅವುಗಳಲ್ಲಿ ನವೆಂಬರ್ 1ರದ್ದು ಸೌವಿನ್. ದಿನ ಸೂರ್ಯಾಸ್ತದಿಂದ ಶುರುವಾಗುತ್ತಿದ್ದ ಕಾರಣ ಹಬ್ಬ ಹಿಂದಿನ ಸಂಜೆಯೇ ಆರಂಭ. ಇದು ದನಗಾಹಿಗಳ ಲೆಕ್ಕ. ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಕೆಳಗಿಳಿಸಿ, ಚಳಿಗಾಲ ದಾಟಿಸಲಾಗದಷ್ಟನ್ನು ಕಡಿದು, ಮಾಂಸ ಕೂಡಿಟ್ಟುಕೊಳ್ಳುವ ಸಮಯ. ಮೀತ್ ಕೌಂಟಿಯ ಹಿಲ್ ಆಫ್ ವಾರ್ಡ್ ಗುಡ್ಡದ ಮೇಲೆ ಈ ರಾತ್ರಿ ದೊಡ್ಡ ಬೆಂಕಿ ಹೊತ್ತಿಸುತ್ತಿದ್ದರೆಂದು 17ನೇ ಶತಮಾನದ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. ಆದರೆ ಅವನು ಬರೆದದ್ದು ಆ ನಾಡು ಕ್ರೈಸ್ತವಾಗಿ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ಸೌವಿನ್ ರಾತ್ರಿಯ ಬಗ್ಗೆ ಇರುವ ಹಳೆಯ ಬರಹಗಳೆಲ್ಲ ಕಥೆಗಳು, ಅವೂ ಕ್ರೈಸ್ತ ಸನ್ಯಾಸಿಗಳ ಕೈಬರಹದಲ್ಲಿ ಉಳಿದವು. ಅವುಗಳಲ್ಲಿ ನೇರಾ ಎಂಬ ವೀರನ ಕಥೆಯನ್ನು ಇಲ್ಲಿ ಹೇಳಲೇಬೇಕು. ಇಂದಿನ ರಾಸ್‌ಕಾಮನ್ ಕೌಂಟಿಯ ರಾಥ್‌ಕ್ರೋಗನ್‌ನಲ್ಲಿ ರಾಜ ಸಭೆ ನಡೆಸುತ್ತಿದ್ದಾನೆ. ಹಿಂದಿನ ದಿನ ನೇಣಿಗೇರಿಸಿದವನ ಕಾಲಿಗೆ ಬಳ್ಳಿ ಸುತ್ತಿ ಬರುವ ಧೈರ್ಯ ಯಾರಿಗಿದೆ ಎಂದು ಸವಾಲು ಹಾಕುತ್ತಾನೆ. ನೇರಾ ಹೋಗಿ ಸುತ್ತುತ್ತಾನೆ. ಹೆಣ ಮಾತನಾಡಿ, ನನಗೆ ಬಾಯಾರಿದೆ, ಹೊತ್ತುಕೊಂಡು ಹೋಗು ಎನ್ನುತ್ತದೆ. ಅವನು ಅದನ್ನು ಬೆನ್ನಿಗೆ ಹಾಕಿಕೊಂಡು ಮನೆಯಿಂದ ಮನೆಗೆ ಹೋಗುತ್ತಾನೆ. ಮೊದಲ ಮನೆಯವರು ರಾತ್ರಿ ಒಲೆಯ ಕೆಂಡವನ್ನು ಸರಿಯಾಗಿ ಮುಚ್ಚಿ ಮಲಗಿದ್ದರು, ಮನೆಯ ಸುತ್ತ ಬೆಂಕಿಯ ಕೋಟೆ ಎದ್ದಿದೆ. ಎರಡನೆಯ ಮನೆಯವರು ಕೊಳೆನೀರು ಚೆಲ್ಲಿ ಪಾತ್ರೆ ಬರಿದು ಮಾಡಿದ್ದರು, ಸುತ್ತ ನೀರು ಕಾವಲಿದೆ. ಮೂರನೆಯ ಮನೆಯಲ್ಲಿ ತೊಳೆದ ನೀರು ಹಾಗೇ ಉಳಿದಿತ್ತು. ಹೆಣ ಒಳಹೊಕ್ಕು ಕುಡಿದು, ಕೊನೆಯ ಗುಟುಕನ್ನು ಮನೆಯವರ ಮುಖಕ್ಕೆ ಉಗುಳುತ್ತದೆ. ಅವರೆಲ್ಲ ಸಾಯುತ್ತಾರೆ.

ಅಲ್ಲಿಂದ ಮುಂದೆ ನೇರಾ ರಾಥ್‌ಕ್ರೋಗನ್ನಿನ ಗುಹೆಯ ಮೂಲಕ ದಿಬ್ಬದೊಳಗಿನ ಲೋಕಕ್ಕೆ ಇಳಿಯುತ್ತಾನೆ. ಆ ಗುಹೆ ಇವತ್ತಿಗೂ ಇದೆ, ಜನ ಬಗ್ಗಿಕೊಂಡು ಒಳಗೆ ಹೋಗಿ ಬರುತ್ತಾರೆ. ಈ ಕಥೆ ಸಾಕ್ಷಿ ನುಡಿಯುವುದು ಇಷ್ಟಕ್ಕೆ: ಆ ರಾತ್ರಿ ಬೇರೆ ಲೋಕದ ಬಾಗಿಲು ತೆರೆದಿರುತ್ತದೆ ಎಂಬ ಭಯ ಮಧ್ಯಯುಗದ ಐರಿಷ್ ಜನರಿಗೆ ಪರಿಚಿತವಾಗಿತ್ತು. ಜನ ವೇಷ ಹಾಕುತ್ತಿದ್ದರೆಂದಾಗಲಿ, ಮಕ್ಕಳು ತಿಂಡಿ ಬೇಡುತ್ತಿದ್ದರೆಂದಾಗಲಿ ಇದರಲ್ಲಿಲ್ಲ. ಸೌವಿನ್ ಕೆಲ್ಟ್ ಜನರ ಹೊಸ ವರ್ಷ ಎಂಬುದು 19ನೇ ಶತಮಾನದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ವಿದ್ವಾಂಸ ಜಾನ್ ರೀಸ್ ಮಂಡಿಸಿದ ಊಹೆ. ಅದು ಸತ್ತವರ ಹಬ್ಬವಾಗಿತ್ತು ಎಂಬ ಮಾತಿಗೆ ಬಲ ಕೊಟ್ಟವನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್. ಇನ್ನು ಸೌವಿನ್ ಎಂಬ ಹೆಸರಿನ ಮೃತ್ಯುದೇವತೆಯ ಕಲ್ಪನೆ 18ನೇ ಶತಮಾನದ ಸೇನಾಧಿಕಾರಿ ಚಾರ್ಲ್ಸ್ ವಲ್ಲಾನ್ಸಿಯ ತಪ್ಪು ಓದಿನಿಂದ ಹಬ್ಬಿದ್ದು. ಅಂಥ ದೇವರೇ ಇರಲಿಲ್ಲ.

ಚರ್ಚು ಹಬ್ಬವನ್ನು ನುಂಗಿತು ಎಂಬುದೂ ಅಷ್ಟು ಸರಳವಲ್ಲ. ಕ್ರಿ.ಶ. 609ರ ಮೇ 13ರಂದು ಪೋಪ್ ನಾಲ್ಕನೆಯ ಬೋನಿಫೇಸ್ ರೋಮಿನ ಪ್ಯಾಂಥಿಯನ್ ದೇವಾಲಯವನ್ನು ಮರಿಯಮ್ಮನಿಗೂ ಹುತಾತ್ಮರಿಗೂ ಅರ್ಪಿಸಿದ. 8ನೇ ಶತಮಾನದಲ್ಲಿ ಮೂರನೆಯ ಗ್ರೆಗರಿ ಸಕಲ ಸಂತರಿಗಾಗಿ ಪ್ರಾರ್ಥನಾ ಮಂದಿರವೊಂದನ್ನು ಮೀಸಲಿಟ್ಟ. ಕ್ರಿ.ಶ. 800ರ ಹೊತ್ತಿಗೆ ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾದಲ್ಲಿ, ಜರ್ಮನಿಯ ಬವೇರಿಯಾದಲ್ಲಿ ನವೆಂಬರ್ 1ರಂದು ಸಕಲ ಸಂತರ ಹಬ್ಬ ನಡೆಯುತ್ತಿತ್ತು. ಹ್ಯಾಲೋವೀನ್ ಎಂಬ ಹೆಸರು ಮುಂದೆ ಬಂದದ್ದು ಈ ಹಬ್ಬದ ಹಿಂದಿನ ಸಂಜೆಗೆ. 835ರಲ್ಲಿ ಇಂದಿನ ಫ್ರಾನ್ಸ್, ಜರ್ಮನಿ ಕಡೆಯ ಫ್ರ್ಯಾಂಕ್ ಜನರ ಸಾಮ್ರಾಟ ಲೂಯಿ ಅದನ್ನು ತನ್ನ ರಾಜ್ಯಕ್ಕೆಲ್ಲ ಅಧಿಕೃತಗೊಳಿಸಿದ. ಅದೇ ಕಾಲದಲ್ಲಿ ಐರ್ಲೆಂಡಿನ ಚರ್ಚು ಈ ಹಬ್ಬವನ್ನು ಆಚರಿಸುತ್ತಿದ್ದದ್ದು ಏಪ್ರಿಲ್ 20ರಂದು! ಸೌವಿನ್ ಇದ್ದ ನಾಡಿನ ಕ್ರೈಸ್ತರೇ ಹಬ್ಬವನ್ನು ವಸಂತದಲ್ಲಿ ಇಟ್ಟುಕೊಂಡಿದ್ದಾಗ, ಸೌವಿನ್ ಅಳಿಸಲೆಂದೇ ನವೆಂಬರ್ ದಿನಾಂಕವನ್ನು ಆರಿಸಿದರು ಎನ್ನುವುದು ಹೇಗೆ? ಇತಿಹಾಸಕಾರ ರೊನಾಲ್ಡ್ ಹಟನ್ ಎತ್ತಿದ ಈ ಆಕ್ಷೇಪಕ್ಕೆ ಗಟ್ಟಿಯಾದ ಉತ್ತರ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸತ್ತವರು ಈ ಹಬ್ಬದೊಳಗೆ ನಿಚ್ಚಳವಾಗಿ ಕಾಲಿಟ್ಟದ್ದು ಕ್ರೈಸ್ತ ದಾರಿಯಿಂದ. 10ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ, ಸಂತರ ಹಬ್ಬದ ಮರುದಿನ ಎಲ್ಲ ಮೃತರಿಗಾಗಿ ಪ್ರಾರ್ಥಿಸಬೇಕೆಂದು ತನ್ನ ಮಠಗಳಿಗೆ ಕಟ್ಟಳೆ ಮಾಡಿದ. ನವೆಂಬರ್ 2ರ ಆಚರಣೆ ಹಾಗೆ ಹರಡಿತು. ಸತ್ತವರ ಆತ್ಮ ಶುದ್ಧೀಕರಣದ ಸ್ಥಳದಲ್ಲಿ ಬೇಯುತ್ತಿರುತ್ತದೆ, ಬದುಕಿರುವವರ ಪ್ರಾರ್ಥನೆ ಅದರ ಅವಧಿಯನ್ನು ತಗ್ಗಿಸುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ ನಿಮ್ಮ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ ಎನ್ನುತ್ತಿದ್ದರು, ಪ್ರತಿಯಾಗಿ ಮನೆಯವರು ಆತ್ಮದ ಹೆಸರಿನ ಸಣ್ಣ ಸಿಹಿ ರೊಟ್ಟಿ ಕೊಡುತ್ತಿದ್ದರು. ಇದು ಭಿಕ್ಷೆಯಲ್ಲ, ಬಡವನ ಬಳಿಯೂ ಕೊಡಲು ಒಂದು ವಸ್ತುವಿತ್ತು. ಪ್ರಾಟೆಸ್ಟೆಂಟ್ ಸುಧಾರಣೆ ಬಂದು ಆ ಶುದ್ಧೀಕರಣದ ನಂಬಿಕೆಯನ್ನೇ ತಳ್ಳಿಹಾಕಿದಾಗ ಇಂಗ್ಲೆಂಡಿನಲ್ಲಿ ಈ ಪ್ರಾರ್ಥನೆಗಳಿಗೆ ನೆಲೆ ತಪ್ಪಿತು. ಆದರೂ ಬಾಗಿಲು ತಟ್ಟುವ ಅಭ್ಯಾಸ ಕೆಲವು ಜಿಲ್ಲೆಗಳಲ್ಲಿ 19ನೇ ಶತಮಾನದವರೆಗೂ ಬದುಕಿತ್ತು.

ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಈ ರಾತ್ರಿ ಹರೆಯದವರ ಪಾಲಾಯಿತು. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಇದೇ ಹೆಸರಿನ ದೀರ್ಘ ಪದ್ಯ ಬರೆದ. ಅದರ ತುಂಬ ಮದುವೆಯ ಶಕುನಗಳೇ. ಕಣ್ಣು ಮುಚ್ಚಿಕೊಂಡು ಹೊಲದಿಂದ ಎಲೆಕೋಸಿನ ಜಾತಿಯ ಗಿಡ ಕೀಳುವುದು. ಕಾಂಡ ನೆಟ್ಟಗಿದ್ದರೆ ನೆಟ್ಟಗಿನ ಗಂಡ, ಬೇರಿಗೆ ಮಣ್ಣು ಅಂಟಿದ್ದರೆ ವರದಕ್ಷಿಣೆ. ಒಲೆಯಲ್ಲಿ ಗಟ್ಟಿ ಚಿಪ್ಪಿನ ಎರಡು ಬೀಜ ಹಾಕಿ, ಜೊತೆಯಾಗಿ ಉರಿಯುತ್ತವೋ ಸಿಡಿದು ದೂರವಾಗುತ್ತವೋ ನೋಡುವುದು. ಐರಿಷ್ ಮನೆಗಳಲ್ಲಿ ಒಣಹಣ್ಣಿನ ಬಾರ್ಮ್‌ಬ್ರ್ಯಾಕ್ ಬ್ರೆಡ್ಡಿನೊಳಗೆ ಉಂಗುರ ಇಟ್ಟು ಬೇಯಿಸುತ್ತಾರೆ, ಉಂಗುರ ಸಿಕ್ಕವರಿಗೆ ಆ ವರ್ಷ ಮದುವೆ ಎಂದು ಲೆಕ್ಕ. ಆ ಬ್ರೆಡ್ ಈಗಲೂ ಅಕ್ಟೋಬರ್‌ನಲ್ಲಿ ಅಲ್ಲಿನ ಬೇಕರಿಗಳಲ್ಲಿ ಸಿಗುತ್ತದೆ. ದೊಡ್ಡ ಟರ್ನಿಪ್ ಗಡ್ಡೆಗಳನ್ನು ಕೊರೆದು ಒಳಗೆ ದೀಪವಿಟ್ಟು ಹೆದರಿಸುವ ಮುಖಗಳನ್ನು ಮಾಡುತ್ತಿದ್ದರು. ವೇಷ ಹಾಕಿದ ಮಕ್ಕಳು ಮನೆಗೆ ಬಂದರೆ ಹಾಡನ್ನೋ ಪದ್ಯವನ್ನೋ ಹೇಳಬೇಕು, ಆಮೇಲೆಯೇ ಸೇಬು, ಚಿಪ್ಪಿನ ಬೀಜ, ಚಿಲ್ಲರೆ ಕಾಸು. ಸ್ಕಾಟ್ಲೆಂಡಿನಲ್ಲಿ ಈ ಪದ್ಧತಿ ಪೂರ್ತಿ ಸತ್ತಿಲ್ಲ.

ಇದೇ ರಾತ್ರಿ ಪುಂಡಾಟಕ್ಕೂ ಪರವಾನಗಿ ಇತ್ತು. ಗೇಟು ಕಿತ್ತು ಮರಕ್ಕೇರಿಸುವುದು, ಹೊಗೆಗೂಡಿಗೆ ಹುಲ್ಲು ತುರುಕುವುದು, ಗಾಡಿಯ ಚಕ್ರ ಬಿಚ್ಚಿಡುವುದು. ಜಿಪುಣನೆಂದೋ ಸಿಡುಕನೆಂದೋ ಹೆಸರಾದವನ ಮನೆಗೆ ಮೊದಲ ಸರದಿ.

1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಸುಮಾರು 10 ಲಕ್ಷ ಜನ ದೇಶ ಬಿಟ್ಟರು. ಅವರಲ್ಲಿ ಬಹಳ ಮಂದಿ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿದರು. ಅವರೊಂದಿಗೆ ಹಬ್ಬವೂ ಹೋಯಿತು. ಅಲ್ಲಿ ಟರ್ನಿಪ್ಪಿಗಿಂತ ದೊಡ್ಡದಾದ, ಕೊರೆಯಲು ಮೆತ್ತಗಿನ ಕುಂಬಳಕಾಯಿ ಕೈಗೆ ಸಿಕ್ಕಿತು. ಹ್ಯಾಲೋವೀನ್ ಎಂದೊಡನೆ ಕಣ್ಣಿಗೆ ಬರುವ ಕಿತ್ತಳೆ ಬಣ್ಣದ ಮುಖ ಹೀಗೆ ಅಮೆರಿಕ ಖಂಡದ ಬೆಳೆ.

ನಾವಿಂದು ಹ್ಯಾಲೋವೀನ್ ಎನ್ನುವುದರ ಬಹುಪಾಲು ರೂಪುಗೊಂಡದ್ದು 20ನೇ ಶತಮಾನದ ಮೊದಲರ್ಧದಲ್ಲಿ, ಅಮೆರಿಕ ಮತ್ತು ಕೆನಡಾದ ಊರುಗಳಲ್ಲಿ. ಹಳ್ಳಿಯಲ್ಲಿ ಗೇಟು ಕಿತ್ತರೆ ನಗು, ನಗರದಲ್ಲಿ ಅದೇ ಆಟ ಹಾನಿ. 1930ರ ದಶಕದ ಆರ್ಥಿಕ ಕುಸಿತದ ವರ್ಷಗಳಲ್ಲಿ ಹುಡುಗರ ಗುಂಪುಗಳು ಕಾರು ಮಗುಚುವುದು, ಟೆಲಿಫೋನ್ ಕಂಬ ಕೊಯ್ಯುವುದು, ಅಗ್ನಿಶಾಮಕ ನೀರಿನ ನಲ್ಲಿ ಬಿಚ್ಚುವುದು ಎಷ್ಟು ಹೆಚ್ಚಿತೆಂದರೆ 1933ರ ರಾತ್ರಿಗೆ ಕರಾಳ ಹ್ಯಾಲೋವೀನ್ ಎಂಬ ಹೆಸರೇ ಬಿತ್ತು. ಕೆಲವು ಪಟ್ಟಣಗಳು ಹಬ್ಬವನ್ನೇ ನಿಷೇಧಿಸಲು ಯೋಚಿಸಿದವು. ಹೆಚ್ಚಿನ ಊರುಗಳು ಆರಿಸಿಕೊಂಡದ್ದು ಇನ್ನೊಂದು ದಾರಿ. ಮಿನ್ನೆಸೋಟದ ಅನೋಕಾ ಪಟ್ಟಣ 1920ರಲ್ಲೇ ಮಕ್ಕಳಿಗಾಗಿ ಮೆರವಣಿಗೆ ಏರ್ಪಡಿಸಿ ಪುಂಡಾಟವನ್ನು ಬೇರೆ ಕಡೆ ತಿರುಗಿಸಿತ್ತು. ಸ್ಕೌಟುಗಳು, ಶಾಲೆಗಳು, ಮಹಿಳಾ ಸಂಘಗಳು ಪಾರ್ಟಿ ನಡೆಸಿದವು, ಮನೆಗಳು ಬಾಗಿಲು ತೆರೆದು ತಿಂಡಿ ಕೊಟ್ಟವು. ಕೊಡುತ್ತೀರೋ ಕೀಟಲೆ ಮಾಡಲೋ ಎಂಬ ಅರ್ಥದ ‘ಟ್ರಿಕ್ ಆರ್ ಟ್ರೀಟ್’ ಕೂಗು 1927ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಲ್ಯಾಕಿ ಎಂಬ ಸಣ್ಣ ಊರಿನ ಸುದ್ದಿಯಲ್ಲಿ ದಾಖಲಾಗಿದೆ. ಊರಿನವರು ತಮ್ಮ ಹುಡುಗರ ಜೊತೆ ಮಾಡಿಕೊಂಡ ಒಪ್ಪಂದವದು. ಪೊಲೀಸರಿಂದ ಆಗದ್ದನ್ನು ನೆರೆಹೊರೆ ಮಾಡಿತು. ಈ ಹಬ್ಬದ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಧ್ಯಾಯವೆಂದರೆ ಇದೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ 1942ರಿಂದ 1947ರವರೆಗೆ ಸಕ್ಕರೆಯನ್ನು ಪಡಿತರಕ್ಕಿಳಿಸಿತ್ತು. ಅದು ತೆರವಾದೊಡನೆ, ಹೊಸದಾಗಿ ಎದ್ದ ಉಪನಗರಗಳ ಸಾಲುಮನೆಗಳಲ್ಲಿ ಹಬ್ಬ ಸ್ಫೋಟಿಸಿತು. ಒಂದೇ ಬೀದಿಯಲ್ಲಿ ಹತ್ತಾರು ಬಾಗಿಲು, ಪ್ರತಿ ಮನೆಯಲ್ಲೂ ಮಕ್ಕಳು. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಹಾಲಿನ ಖಾಲಿ ಡಬ್ಬಿ ಹಿಡಿದು ತಿಂಡಿಯ ಬದಲು ಯುನಿಸೆಫ್‌ಗೆ ಚಿಲ್ಲರೆ ಕೂಡಿಸಿದರು, ಮುಂದೆ ಅದು ದೇಶವ್ಯಾಪಿ ರೂಢಿಯಾಯಿತು. ಆರಂಭದಲ್ಲಿ ಮನೆಯಲ್ಲೇ ಮಾಡಿದ ಕುಕ್ಕಿ, ಸೇಬು, ಹುರಿಗಾಳು ಎಲ್ಲ ನಡೆಯುತ್ತಿತ್ತು. ಕಂಪನಿಗಳ ಪುಟ್ಟ ಪೊಟ್ಟಣದ ಚಾಕೊಲೇಟು ಆ ಜಾಗವನ್ನೆಲ್ಲ ಆಕ್ರಮಿಸಿದ್ದಕ್ಕೆ ಭಯವೂ ಒಂದು ಕಾರಣ.

1974ರಲ್ಲಿ ಟೆಕ್ಸಸ್‌ನ ಎಂಟು ವರ್ಷದ ಹುಡುಗನೊಬ್ಬ ಹ್ಯಾಲೋವೀನ್ ರಾತ್ರಿ ಸಯನೈಡ್ ಬೆರೆತ ಸಿಹಿ ತಿಂದು ಸತ್ತ. ವಿಷ ಹಾಕಿದವನು ಅವನ ತಂದೆಯೇ, ವಿಮೆಯ ಹಣದ ಆಸೆಗೆ. 1982ರಲ್ಲಿ ಹಬ್ಬಕ್ಕೆ ಒಂದು ತಿಂಗಳ ಮೊದಲು ಷಿಕಾಗೋ ಸುತ್ತಮುತ್ತ ವಿಷ ಬೆರೆಸಿದ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿ 7 ಜನ ಸತ್ತರು. ಇವೆರಡೂ ಸೇರಿ, ಅಪರಿಚಿತರು ಮಕ್ಕಳ ಸಿಹಿಗೆ ವಿಷ, ಬ್ಲೇಡು ಹಾಕುತ್ತಾರೆಂಬ ಭೀತಿಯನ್ನು ಮನೆಮಾತಾಗಿಸಿದವು. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನು ದಶಕಗಳ ಕಾಲ ಜಾಲಾಡಿದ್ದಾರೆ. ಮನೆಮನೆಗೆ ಹೋಗಿ ತಂದ ತಿಂಡಿಯಲ್ಲಿ ಅಪರಿಚಿತರು ಬೆರೆಸಿದ ವಿಷದಿಂದ ಮಗು ಸತ್ತ ಒಂದೇ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ನಿಜವಾದ ಅಪಾಯ ರಸ್ತೆಯಲ್ಲಿತ್ತು. 1975ರಿಂದ 2016ರವರೆಗಿನ ಅಮೆರಿಕದ ಅಪಘಾತಗಳ ಅಧ್ಯಯನದ ಪ್ರಕಾರ ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ, ಒಂದು ವಾರ ಹಿಂದು-ಮುಂದಿನ ಸಂಜೆಗಳಿಗಿಂತ ಶೇ 43ರಷ್ಟು ಹೆಚ್ಚು. ಭಯ ಪಕ್ಕದ ಮನೆಯವರ ಮೇಲೆ ಬಿತ್ತು, ಕಾರಿನ ವೇಗದ ಮೇಲೆ ಬೀಳಲಿಲ್ಲ. ಮನೆಯಲ್ಲಿ ಮಾಡಿದ ತಿಂಡಿ ಕೊಡುವುದು ಅನುಮಾನಕ್ಕೆ ಎಡೆಯಾಯಿತು. ಇದು ದೊಡ್ಡ ನಷ್ಟವೆಂದೇ ನನ್ನ ಅನಿಸಿಕೆ.

ಇಂದಿನ ವಹಿವಾಟಿನ ಗಾತ್ರ ಹೇಳುವುದಾದರೆ, ಅಮೆರಿಕದ ನ್ಯಾಷನಲ್ ರಿಟೇಲ್ ಫೆಡರೇಷನ್ 2023ರ ಹಬ್ಬಕ್ಕೆ ಅಂದಾಜಿಸಿದ ವೆಚ್ಚ 12.2 ಬಿಲಿಯನ್ ಡಾಲರ್, ಆಗಿನ ದರದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ. ಸಿಹಿಗಿಂತ ವೇಷಕ್ಕೆ, ಅಲಂಕಾರಕ್ಕೆ ಹೆಚ್ಚು ಖರ್ಚು. ಆ ಚಾಕೊಲೇಟಿನ ಕೋಕೋ ಬಹುಪಾಲು ಐವರಿ ಕೋಸ್ಟ್ ಮತ್ತು ಘಾನಾದಿಂದ ಬರುತ್ತದೆ. ಆ ಎರಡು ದೇಶಗಳ ಕೋಕೋ ಕೃಷಿಯಲ್ಲಿ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಿದ್ದಾರೆಂದು 2020ರ ಸಮೀಕ್ಷೆಯೊಂದು ಹೇಳಿತು. ಒಂದು ಕಡೆ ಮಕ್ಕಳ ಚೀಲ ತುಂಬಲು ಇನ್ನೊಂದು ಕಡೆ ಮಕ್ಕಳ ಕೈಯಲ್ಲಿ ಕತ್ತಿ ಇರುವುದನ್ನು ಈ ಹಬ್ಬದ ಚರ್ಚೆಯಲ್ಲಿ ಹೊರಗಿಡಲಾಗದು.

ಈಗ ಹಬ್ಬ ಅಮೆರಿಕದಿಂದ ಹೊರಟ ಬಗೆ. ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ರಂದು ಮೃತರ ದಿನವಿದೆ. ಮನೆಯಲ್ಲಿ ಪೀಠ ಕಟ್ಟಿ ಚೆಂಡುಹೂವು, ಸತ್ತವರಿಗೆ ಇಷ್ಟದ ಅಡುಗೆ ಇಡುತ್ತಾರೆ. ಅಲ್ಲಿ ಹ್ಯಾಲೋವೀನ್ ಬಂದರೂ ಈ ಗಟ್ಟಿ ಹಬ್ಬದ ಪಕ್ಕದಲ್ಲಿ ಜಾಗ ಮಾಡಿಕೊಂಡಿತಷ್ಟೇ. ಪೂರ್ವ ಏಷ್ಯಾದ ಮಹಾನಗರಗಳಲ್ಲಿ ಹಾಗಾಗಲಿಲ್ಲ. ಅಲ್ಲಿ ತಟ್ಟಲು ಬಾಗಿಲುಗಳಿರಲಿಲ್ಲ. ಥೀಮ್ ಪಾರ್ಕ್, ಬಾರ್, ಬೀದಿ ಇವುಗಳ ಮೂಲಕ ಯುವಜನರ ವೇಷದ ರಾತ್ರಿಯಾಗಿ ಬೆಳೆಯಿತು. ಟೋಕಿಯೋದ ಶಿಬುಯಾ ವಾರ್ಡ್ ಗುಂಪು ಮತ್ತು ಗಲಾಟೆ ತಾಳಲಾರದೆ 2019ರಲ್ಲಿ ಹಬ್ಬದ ಹೊತ್ತಿನ ಬೀದಿ ಮದ್ಯಪಾನ ನಿಷೇಧಿಸಿತು. 2023ರಲ್ಲಿ ಅಲ್ಲಿನ ಮೇಯರ್ ಹ್ಯಾಲೋವೀನಿಗೆ ಶಿಬುಯಾಗೆ ಬರಬೇಡಿ ಎಂದು ಬಹಿರಂಗವಾಗಿ ಕೇಳಿಕೊಂಡರು.

ಶಿಬುಯಾದ 2019ರ ಎಚ್ಚರ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರಕ್ಕೆ ಸಿಗಲಿಲ್ಲ. 2022ರ ಅಕ್ಟೋಬರ್ 29, ಶನಿವಾರ. ಕೋವಿಡ್ ನಿರ್ಬಂಧಗಳು ಸಡಿಲವಾದ ಮೇಲಿನ ಮೊದಲ ಹ್ಯಾಲೋವೀನ್. ಇಟೇವಾನ್ ಬಡಾವಣೆಗೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಹೋಟೆಲೊಂದರ ಪಕ್ಕದ ಇಳಿಜಾರಿನ ಗಲ್ಲಿ, ಕಿರಿದಾದ ಕಡೆ ಅಗಲ ಬರೀ 3.2 ಮೀಟರ್. ಮೇಲಿನಿಂದಲೂ ಕೆಳಗಿನಿಂದಲೂ ಜನ ನುಗ್ಗಿ ನಡುವಿನವರು ನಿಂತಲ್ಲೇ ಉಸಿರುಗಟ್ಟಿದರು. ಒಟ್ಟು ಸಾವು 159, ಹೆಚ್ಚಿನವರು ಇಪ್ಪತ್ತರ ಪ್ರಾಯದವರು. ಜನ ತುಳಿತಕ್ಕೆ ಸಿಕ್ಕಿ ಸಾಯುವಂತಿದೆ ಎಂದು ಪೊಲೀಸರಿಗೆ ಮೊದಲ ಕರೆ ಹೋಗಿದ್ದು ಸಂಜೆ 6.34ಕ್ಕೆ. ದುರಂತಕ್ಕೆ ಮೊದಲು ಅಂಥ 11 ಕರೆಗಳು ಹೋಗಿದ್ದವು. ಹತ್ತಿರ ಹತ್ತಿರ ನಾಲ್ಕು ತಾಸಿನ ಸಮಯವಿತ್ತು.

ಯಾಕೆ ಯಾರೂ ಬರಲಿಲ್ಲ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಇದು ಯಾರೂ ಏರ್ಪಡಿಸಿದ ಕಾರ್ಯಕ್ರಮ ಆಗಿರಲಿಲ್ಲ ಎಂಬುದು. ಅಲ್ಲಿನ ಸುರಕ್ಷತಾ ನಿಯಮಗಳೆಲ್ಲ ಆಯೋಜಕರಿರುವ ಉತ್ಸವಗಳಿಗೆ ಬರೆದವು. 2024ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ಸ್ಥಳೀಯ ಪೊಲೀಸ್ ಮುಖ್ಯಸ್ಥನಿಗೆ 3 ವರ್ಷ ಸೆರೆವಾಸವಾಯಿತು, ಆದರೆ ಅದೇ ಆಡಳಿತ ಜಿಲ್ಲೆಯ ಮುಖ್ಯಸ್ಥೆ ಖುಲಾಸೆಯಾದರು. ದುರಂತದ ನಂತರ ದಕ್ಷಿಣ ಕೊರಿಯಾ ತನ್ನ ವಿಪತ್ತು ಸುರಕ್ಷತಾ ಕಾನೂನು ತಿದ್ದಿ, ಆಯೋಜಕರಿಲ್ಲದ ಜನಸಂದಣಿಯ ಹೊಣೆಯನ್ನೂ ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. ಅಮೆರಿಕದ ಬೀದಿಯಲ್ಲಿ ಪ್ರತಿ ಮನೆಯೂ ಒಬ್ಬ ಯಜಮಾನನಂತೆ ಹಬ್ಬವನ್ನು ಹೊರುತ್ತದೆ. ಇಟೇವಾನ್‌ನಲ್ಲಿ ಹೊರುವವರೇ ಇರಲಿಲ್ಲ.

ಕನ್ನಡಿಗರಿಗೆ ಈ ಹಬ್ಬ ಮೂರು ಕಡೆಯಿಂದ ತಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಮಕ್ಕಳ ಶಾಲೆಯ ಹಬ್ಬ, ಪಕ್ಕದ ಮನೆಯವರ ಪರಿಚಯವಾಗುವ ಸಂಜೆ. ತಂದ ಚೀಲವನ್ನು ಚಾಪೆಯ ಮೇಲೆ ಸುರಿದು, ಪ್ರಾಣಿಜನ್ಯ ಜೆಲಾಟಿನ್ ಇರುವ ಗಮ್ಮಿ, ಮಾರ್ಷ್‌ಮ್ಯಾಲೋಗಳನ್ನು ಆರಿಸಿ ಬದಿಗಿಡುವುದು ಸಸ್ಯಾಹಾರಿ ಮನೆಗಳ ಕೆಲಸ. 2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿತ್ತು, ಮರುದಿನ ರಾಜ್ಯೋತ್ಸವ. ಮಂಗಳೂರಿನ, ಬೆಂಗಳೂರಿನ ಕೆಥೋಲಿಕರಿಗೆ ಓಡಿಲೋ ಹಾಕಿಕೊಟ್ಟ ನವೆಂಬರ್ 2 ಇಂದಿಗೂ ಜೀವಂತ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಇತಿಹಾಸದ ದೃಷ್ಟಿಯಿಂದ ಹ್ಯಾಲೋವೀನಿನ ಅತಿ ಹತ್ತಿರದ ಬಂಧು ನಮ್ಮಲ್ಲಿರುವುದು ಇದೊಂದೇ. ಹ್ಯಾಲೋವೀನನ್ನು ಪಾಶ್ಚಾತ್ಯರ ಮಹಾಲಯ ಅಮಾವಾಸ್ಯೆ ಎನ್ನುವವರು ಆ ಮಾತನ್ನು ನವೆಂಬರ್ 2ರ ಬಗ್ಗೆ ಹೇಳಿದ್ದರೆ ಸ್ವಲ್ಪ ಒಪ್ಪಬಹುದಿತ್ತು. ಹ್ಯಾಲೋವೀನಿನಲ್ಲಿ ಪಿತೃಗಳಿಗೆ ಕೊಡುವ ಯಾವ ಕ್ರಿಯೆಯೂ ಈಗ ಉಳಿದಿಲ್ಲ.

ಮೂರನೆಯದು ಬೆಂಗಳೂರಿನ ಅಪಾರ್ಟ್‌ಮೆಂಟ್ ಮತ್ತು ಪಬ್‌ಗಳ ಹ್ಯಾಲೋವೀನ್. ಪರಕೀಯ ಎಂಬ ದೂರು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತದೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಹೋಗುತ್ತಾರೆ, ಒಪ್ಪಿದ ಮನೆಗಳ ಪಟ್ಟಿ ಮೊದಲೇ ಗುಂಪಿನಲ್ಲಿ ಹಂಚಿಕೆಯಾಗಿರುತ್ತದೆ. ಲಿಫ್ಟಿನಲ್ಲಿ ಮುಖ ನೋಡಿ ಗೊತ್ತಿದ್ದ ಅಜ್ಜಿ ಬಾಗಿಲು ತೆರೆದು ಚಾಕೊಲೇಟ್ ಕೊಟ್ಟರೆ ಯಾವ ಸಂಸ್ಕೃತಿಗೂ ಕುಂದಿಲ್ಲ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಯಿಂದ ಮನೆಗೆ ಬರುತ್ತಾರೆ, ಮನೆಯವರು ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಯಿ, ಹಣ ಕೊಡುತ್ತಾರೆ. ಐರ್ಲೆಂಡಿಗೂ ಇದಕ್ಕೂ ಯಾವ ಕೊಂಡಿಯಿಲ್ಲ. ಆದರೆ ಹಾಡಿ ಪಡೆಯುವ, ಬಾಗಿಲಲ್ಲಿ ನಿಂತು ಕೊಡುವ ಕ್ರಮ ನಮಗೆ ಹೊಸದೇನಲ್ಲ. ಅಂಟಿಗೆ-ಪಂಟಿಗೆಯ ತಂಡಗಳು ಕಡಿಮೆಯಾಗುತ್ತಿರುವುದಕ್ಕೆ ಹ್ಯಾಲೋವೀನನ್ನು ದೂರಿ ಫಲವಿಲ್ಲ. ಹಾಡು ಬಲ್ಲ ಹಿರಿಯರಿಂದ ಕಲಿಯಬೇಕಾದ ಹುಡುಗರು ಕೆಲಸ ಹುಡುಕಿ ಊರು ಬಿಟ್ಟಿದ್ದಾರೆ.

ಪಬ್ಬಿನ ಹ್ಯಾಲೋವೀನ್ ಬಗ್ಗೆ ಕೇಳಬೇಕಾದದ್ದು ಬೇರೆ ಪ್ರಶ್ನೆ. ಸದ್ಯ ಅದು ಟಿಕೆಟ್ ಇಟ್ಟು ಒಳಗೇ ನಡೆಯುವ ಪಾರ್ಟಿ, ಹಾಗಾಗಿ ಹೊಣೆಗಾರ ಯಾರೆಂದು ಗೊತ್ತು. ಕೋರಮಂಗಲ, ಇಂದಿರಾನಗರದ ರಸ್ತೆಗಳಲ್ಲಿ ಅದು ಹೊಸ ವರ್ಷದ ರಾತ್ರಿಯಂತೆ ಹೊರಗೆ ಚೆಲ್ಲಿದರೆ ಲೆಕ್ಕ ಬದಲಾಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ರಾಜ್ಯ ಸರ್ಕಾರ ತಂದ ಜನಸಂದಣಿ ನಿಯಂತ್ರಣ ಮಸೂದೆಯ ಒತ್ತು ಇರುವುದು ಆಯೋಜಕರು ಅನುಮತಿ ಪಡೆಯಬೇಕು, ತಪ್ಪಿದರೆ ಶಿಕ್ಷೆ ಅನುಭವಿಸಬೇಕು ಎಂಬುದರ ಮೇಲೆ. ಅದು ಬೇಕಾದದ್ದೇ. ಆದರೆ ಆಯೋಜಕರೇ ಇಲ್ಲದೆ, ಇನ್‌ಸ್ಟಾಗ್ರಾಂ ನೋಡಿ ತಾವಾಗಿಯೇ ಕೂಡುವ ಜನರಿಗೆ ಗಲ್ಲಿಯ ಅಗಲ ಅಳೆದು, ಏಕಮುಖ ದಾರಿ ಗೊತ್ತುಮಾಡಿ, ಮೊದಲ ಕರೆಗೇ ಓಡಿಬರುವ ಅಧಿಕಾರಿ ಯಾರು ಎಂಬುದು ಪೊಲೀಸ್ ಮತ್ತು ಪಾಲಿಕೆಯ ನಡುವೆ ಅಕ್ಟೋಬರ್‌ಗೆ ಮೊದಲೇ ಬರಹದಲ್ಲಿ ಇತ್ಯರ್ಥವಾಗಬೇಕು. ಸೋಲ್‌ನಲ್ಲಿ ಅದನ್ನು ಇತ್ಯರ್ಥ ಮಾಡಿದ್ದು 159 ಜನ ಸತ್ತ ಮೇಲೆ.